ಬೆಲ್ಲಿನಿಯ ತೋಪು, ಟಿಷಿಯನ್‌ನ ಬೆಟ್ಟ: ಒಂದೇ ಚಿತ್ರದಲ್ಲಿ ಎರಡು ನಿಸರ್ಗ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ ‘ದೇವತೆಗಳ ಔತಣ’ ಎಂಬ ದೊಡ್ಡ ಚಿತ್ರ ನೋಡಿದೆ. ಕಾಡಿನ ಅಂಚಿನಲ್ಲಿ ರೋಮನ್ ದೇವತೆಗಳು ಕೂತು ಕುಡಿಯುತ್ತಿದ್ದಾರೆ. ಬಲಗಡೆ ನೆಟ್ಟಗೆ ನಿಂತ ಮರಗಳು, ಎಡಗಡೆ ಇದ್ದಕ್ಕಿದ್ದಂತೆ ಎದ್ದ ಬೆಟ್ಟ. ಎರಡೂ ಒಬ್ಬರ ಕೈಯವಲ್ಲ ಅನ್ನಿಸಿತು. ಪಕ್ಕದ ಫಲಕದಲ್ಲೂ ಬೆಲ್ಲಿನಿ, ಟಿಷಿಯನ್ ಎಂದು ಎರಡು ಹೆಸರಿತ್ತು. ಒಬ್ಬ ದೊಡ್ಡ ಕಲಾವಿದ ಸಹಿ ಹಾಕಿ ಮುಗಿಸಿದ ಚಿತ್ರದ ಮೇಲೆ ಇನ್ನೊಬ್ಬ ಬಣ್ಣ ಹಾಕಿದ್ದು ಹೇಗೆ? ಮೂಲ ಚಿತ್ರ ಹಾಳಾಗಲಿಲ್ಲವೆ? ಚರ್ಚಿನ ಹಿಡಿತವಿದ್ದ ಇಟಲಿಯಲ್ಲಿ ಈ ಹಳೆಯ ದೇವತೆಗಳನ್ನು, ಅದೂ ಹಳ್ಳಿಯ ಜನರ ಹಾಗೆ, ಬರೆಸಿದ್ದೇಕೆ?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಹಿಡಿದಿದೆ. ಅಲ್ಲಿರುವುದು ಇಬ್ಬರ ಕೈ ಕೂಡ ಅಲ್ಲ, ಮೂವರದು. ಫಲಕದಲ್ಲಿ ಕಾಣದ ಆ ಮೂರನೆಯ ಹೆಸರು ಡೋಸ್ಸೊ ಡೋಸ್ಸಿ. ಆತ ಇಟಲಿಯ ಫೆರಾರಾ ಸಂಸ್ಥಾನದ ಆಸ್ಥಾನ ಚಿತ್ರಕಾರ. ಒಂದೇ ಕ್ಯಾನ್ವಾಸಿನ ಹಿನ್ನೆಲೆ ಸುಮಾರು 15 ವರ್ಷಗಳ ಅವಧಿಯಲ್ಲಿ ಎರಡು ಸಲ ಬದಲಾಗಿದೆ. ಮುಂದೆ ಕೂತ ದೇವತೆಗಳು ಮಾತ್ರ ಮೊದಲಿನಿಂದ ಕೊನೆಯವರೆಗೂ ಬೆಲ್ಲಿನಿಯವರೇ. ಮನುಷ್ಯಾಕೃತಿಗಳನ್ನು ಮುಟ್ಟದೆ ಮರ, ಬೆಟ್ಟ, ಆಕಾಶಗಳನ್ನಷ್ಟೇ ಮತ್ತೆ ಮತ್ತೆ ತಿದ್ದಿದ್ದಾರೆ ಎಂಬುದೇ ಈ ಚಿತ್ರದ ವಿಶೇಷ. ನಿಸರ್ಗವೆಂದರೆ ಆಕೃತಿಗಳ ಹಿಂದೆ ಉಳಿದ ಜಾಗ ತುಂಬುವ ಕೆಲಸ ಎಂದು ಆ ಕಲಾವಿದರು ಭಾವಿಸಿದ್ದರೆ ಯಾರೂ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಚಿತ್ರದ ಅರ್ಥ ನಿರ್ಧಾರವಾಗುವುದು ಅಲ್ಲೇ ಎಂದು ಅವರಿಗೆ ಗೊತ್ತಾಗಿತ್ತು.

ಮೊದಲು ಕಥೆ ಹೇಳುತ್ತೇನೆ. ಅದು ತಿಳಿಯದೆ ಮರವೂ ಬೆಟ್ಟವೂ ಮಾತಾಡುವುದಿಲ್ಲ.

ರೋಮನ್ ಕವಿ ಓವಿಡ್ ‘ಫಾಸ್ತಿ’ ಎಂಬ ಕಾವ್ಯದಲ್ಲಿ ರೋಮಿನ ಹಬ್ಬಗಳನ್ನೂ ಆಚರಣೆಗಳನ್ನೂ ತಿಂಗಳ ಪ್ರಕಾರ ಹೇಳುತ್ತಾ ಹೋಗುತ್ತಾನೆ. ತೋಟಗಳ ದೇವತೆಯಾದ ಪ್ರಿಯಾಪಸ್‌ಗೆ ಕತ್ತೆಯನ್ನೇ ಏಕೆ ಬಲಿ ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಾಗಿ ಈ ಕಥೆ ಬರುತ್ತದೆ. ಮದ್ಯದ ದೇವತೆ ಬ್ಯಾಕಸ್‌ನ ಹಬ್ಬಕ್ಕೆ ದೇವತೆಗಳೂ ಅಪ್ಸರೆಯರೂ ಅರ್ಧ ಮನುಷ್ಯ ಅರ್ಧ ಆಡಿನ ರೂಪದ ಕಾಡಿನ ಸ್ಯಾಟಿರ್‌ಗಳೂ ಸೇರುತ್ತಾರೆ. ಕುಡಿದು ದಣಿದು ಎಲ್ಲರೂ ಅಲ್ಲಲ್ಲೇ ಮಲಗುತ್ತಾರೆ. ಲೋಟಿಸ್ ಎಂಬ ಅಪ್ಸರೆಯ ಮೇಲೆ ಮೊದಲಿಂದಲೂ ಕಣ್ಣಿಟ್ಟಿದ್ದ ಪ್ರಿಯಾಪಸ್ ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ನಡೆದು, ನಿದ್ದೆಯಲ್ಲಿರುವ ಅವಳ ಬಟ್ಟೆಗೆ ಕೈಹಾಕುತ್ತಾನೆ. ಅದೇ ಕ್ಷಣಕ್ಕೆ ಬ್ಯಾಕಸ್‌ನ ಸಂಗಡಿಗ, ಮುದುಕ ಸೈಲೆನಸ್‌ನ ಕತ್ತೆ ಕಿರುಚುತ್ತದೆ. ಲೋಟಿಸ್ ಬೆಚ್ಚಿ ಎದ್ದು ಅವನನ್ನು ತಳ್ಳಿ ಓಡುತ್ತಾಳೆ. ಎಲ್ಲರೂ ಎಚ್ಚೆತ್ತು ಪ್ರಿಯಾಪಸ್‌ನನ್ನು ನೋಡಿ ನಗುತ್ತಾರೆ. ಕತ್ತೆಯ ಜೀವ ಹೋಗುತ್ತದೆ.

ಓವಿಡ್‌ಗೆ ಇದು ನಗೆಯ ಕಥೆ. ಮಲಗಿದ ಹೆಣ್ಣಿನ ಮೇಲೆ ಕೈಹಾಕುವುದನ್ನು ನೋಡಿ ಇಂದು ನಮಗೆ ನಗು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಬೆಲ್ಲಿನಿ ಆರಿಸಿಕೊಂಡ ಕ್ಷಣ ಯಾವುದೆಂದು ಗಮನಿಸಿ. ಕತ್ತೆ ಇನ್ನೂ ಕಿರುಚಿಲ್ಲ. ಚಿತ್ರದ ಬಲ ಅಂಚಿನಲ್ಲಿ ಲೋಟಿಸ್ ಒರಗಿ ಮಲಗಿದ್ದಾಳೆ, ಪ್ರಿಯಾಪಸ್ ಬಾಗಿ ಸೆರಗಿನ ಅಂಚಿಗೆ ಕೈ ಚಾಚಿದ್ದಾನೆ. ಎಡ ಅಂಚಿನಲ್ಲಿ ಸೈಲೆನಸ್ ಮತ್ತು ಅವನ ಕತ್ತೆ. ಕಥೆಯ ಕಾರಣ ಒಂದು ತುದಿಯಲ್ಲಿ, ಪರಿಣಾಮ ಇನ್ನೊಂದು ತುದಿಯಲ್ಲಿ. ನಡುವೆ ಸಾಲಾಗಿ ದೇವತೆಗಳು, ತಮ್ಮ ಪಕ್ಕದಲ್ಲೇ ನಡೆಯುತ್ತಿರುವುದರ ಪರಿವೆಯಿಲ್ಲದವರು. ಪಕ್ಕದಲ್ಲಿ ಹದ್ದನ್ನಿಟ್ಟುಕೊಂಡು ಕುಡಿಯುತ್ತಿರುವವನು ಜುಪಿಟರ್. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಹಾವು ಸುತ್ತಿದ ದಂಡ ಇರುವವನು ಮರ್ಕ್ಯುರಿ. ಪಕ್ಕದ ಹೆಂಗಸಿನ ತೊಡೆಯ ಮೇಲೆ ಸಲುಗೆಯಿಂದ ಕೈಯಿಟ್ಟವನು ಸಮುದ್ರದ ದೊರೆ ನೆಪ್ಚೂನ್. ತೆನೆಗಳ ಕಿರೀಟ ತೊಟ್ಟವಳು ಧಾನ್ಯದೇವತೆ ಸೀರಿಸ್, ತಂತಿವಾದ್ಯ ಹಿಡಿದವನು ಅಪೊಲೊ. ಎಡಗಡೆ ಪೀಪಾಯಿಯಿಂದ ಮದ್ಯ ಹಿಡಿಯುತ್ತಿರುವ ಪುಟ್ಟ ಹುಡುಗನೇ ಬ್ಯಾಕಸ್.

ಬ್ಯಾಕಸ್ ಏಕೆ ಮಗು? ವಿದ್ವಾಂಸರು ಇದಕ್ಕೊಂದು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಓವಿಡ್‌ನ ಈ ಹಬ್ಬ ನಡೆಯುವುದು ಚಳಿಗಾಲದಲ್ಲಿ. ಹಗಲು ಅತಿ ಗಿಡ್ಡವಾಗುವ ಆ ಕಾಲದಲ್ಲಿ ಬ್ಯಾಕಸ್‌ನನ್ನು ಶಿಶುವಾಗಿ ತೋರಿಸುವ ಪದ್ಧತಿ ಪ್ರಾಚೀನರಲ್ಲಿತ್ತು. ಮುನ್ನೆಲೆಯಲ್ಲಿ ಒಂದು ಮಿಂಚುಳ್ಳಿಯೂ ಇದೆ. ಮಿಂಚುಳ್ಳಿ ಮೊಟ್ಟೆಯಿಡುವ ಕಾಲದಲ್ಲಿ, ನಡುಚಳಿಗಾಲದ ಕೆಲವು ದಿನ, ಕಡಲು ಗಾಳಿಯಿಲ್ಲದೆ ಶಾಂತವಾಗಿರುತ್ತದೆ ಎಂಬುದು ಅವರ ನಂಬಿಕೆ. ಅಂದರೆ ಬೆಲ್ಲಿನಿ ಇಡೀ ಚಿತ್ರಕ್ಕೆ ಒಂದು ಋತುವನ್ನೂ ಒಂದು ನಿಶ್ಚಲತೆಯನ್ನೂ ಕೊಟ್ಟಿದ್ದಾನೆ. ನನಗೆ ಈ ಓದು ಒಪ್ಪಿಗೆ, ಏಕೆಂದರೆ ಚಿತ್ರದ ನಡೆಗೂ ಅದು ಹೊಂದುತ್ತದೆ. ಯಾರೂ ಜೋರಾಗಿ ಅಲುಗಾಡುವುದಿಲ್ಲ, ಬಟ್ಟೆಯ ಒಂದು ಅಂಚೂ ಗಾಳಿಗೆ ಹಾರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ.

ಚಿತ್ರ ಬರೆಸಿದವನು ಫೆರಾರಾದ ದೊರೆ ಆಲ್ಫೊನ್ಸೊ ದೆಸ್ತೆ. 1505ರಿಂದ 1534ರವರೆಗೆ ಆಳಿದವನು. ಫಿರಂಗಿ ಎರಕ ಹೊಯ್ಯುವುದರಲ್ಲಿ ಅಪಾರ ಆಸಕ್ತಿ, ಮಡಕೆ ಕುಡಿಕೆ ಮಾಡುವುದರಲ್ಲೂ ಕೈಯಾಡಿಸಿದವನು. ಕೋಟೆಯನ್ನೂ ಅರಮನೆಯನ್ನೂ ಜೋಡಿಸುವ ಮೇಲ್ಛಾವಣಿಯ ದಾರಿಯೊಂದಿತ್ತು, ಅದರ ಮೇಲಿನ ಕೋಣೆಗಳನ್ನು ಅವನು ತನ್ನ ಖಾಸಗಿ ವಾಸಕ್ಕೆಂದು ಅಲಂಕರಿಸಿಕೊಂಡ. ಶಿಲ್ಪಿ ಅಂತೋನಿಯೊ ಲೊಂಬಾರ್ದೊ ಕಡೆದ ಬಿಳಿಯ ಅಮೃತಶಿಲೆಯ ಉಬ್ಬುಶಿಲ್ಪಗಳು ಅಲ್ಲಿದ್ದವು. ಅವುಗಳಲ್ಲಿ ಬಹುಪಾಲು ಈಗ ರಷ್ಯಾದ ಹರ್ಮಿಟಾಜ್ ಸಂಗ್ರಹಾಲಯದಲ್ಲಿವೆ. ಅಲ್ಲಿನ ಒಂದು ಕೋಣೆಗೆ ಇಟಲಿಯ ಅತ್ಯುತ್ತಮ ಚಿತ್ರಕಾರರಿಂದ ಒಂದೊಂದು ಪುರಾಣಚಿತ್ರ ಬರೆಸಬೇಕೆಂಬುದು ಅವನ ಹಂಬಲ. ಬೆಲ್ಲಿನಿಯ ಚಿತ್ರ ಅದರಲ್ಲಿ ಮೊದಲನೆಯದು. ರಫಾಯೆಲ್‌ಗೂ ಹೇಳಿಕಳಿಸಿದ್ದ. ನಮಗೆ ಕುತೂಹಲವಾಗುವ ಸಂಗತಿ ಎಂದರೆ ರಫಾಯೆಲ್ ಬರೆಯಬೇಕಿದ್ದ ವಿಷಯ ಬ್ಯಾಕಸ್ ಇಂಡಿಯಾವನ್ನು ಗೆದ್ದ ವಿಜಯಯಾತ್ರೆ. ಬ್ಯಾಕಸ್ ಪೂರ್ವಕ್ಕೆ ದಂಡೆತ್ತಿ ಹೋಗಿ ಇಂಡಿಯಾ ಗೆದ್ದು ಬಂದ ಎಂಬುದು ಗ್ರೀಕರ ಹಳೆಯ ಕಥೆ. ಆದರೆ ರಫಾಯೆಲ್ 1520ರಲ್ಲಿ ತೀರಿಕೊಂಡ. ಇನ್ನೊಂದು ಚಿತ್ರ ಬರೆಯಬೇಕಿದ್ದ ಫ್ರಾ ಬಾರ್ತೊಲೊಮ್ಮೆಯೊ ಅದಕ್ಕೂ ಮುಂಚೆ, 1517ರಲ್ಲಿ ತೀರಿಕೊಂಡಿದ್ದ. ಹೀಗೆ ಕೋಣೆಯ ಬಹುಪಾಲು ಕೆಲಸ ವೆನಿಸ್ಸಿನ ತರುಣ ಟಿಷಿಯನ್‌ನ ಕೈಗೆ ಬಂತು.

ಬೆಲ್ಲಿನಿ ಈ ಚಿತ್ರ ಬರೆದಾಗ ಬಹಳ ಮುದುಕ. ಜರ್ಮನಿಯ ಚಿತ್ರಕಾರ ಡ್ಯೂರರ್ 1506ರಲ್ಲಿ ವೆನಿಸ್‌ನಿಂದ ಬರೆದ ಕಾಗದದಲ್ಲಿ, ಬೆಲ್ಲಿನಿಗೆ ತುಂಬಾ ವಯಸ್ಸಾಗಿದೆ, ಆದರೂ ಚಿತ್ರಕಲೆಯಲ್ಲಿ ಈಗಲೂ ಅವನೇ ಎಲ್ಲರಿಗಿಂತ ಮೇಲು ಎಂದು ಹೇಳಿದ್ದ. ಅದೇ ವರ್ಷ ಸಾಹಿತಿ ಪಿಯೆತ್ರೊ ಬೆಂಬೊ ಆಲ್ಫೊನ್ಸೊನ ಅಕ್ಕ ಇಸಬೆಲ್ಲಾಳಿಗೆ ಬರೆದ ಪತ್ರವೊಂದಿದೆ. ಅವಳು ಬೆಲ್ಲಿನಿಯಿಂದ ಒಂದು ಪುರಾಣಚಿತ್ರ ಬರೆಸಲು ವರ್ಷಗಟ್ಟಲೆ ಬೆನ್ನುಬಿದ್ದಿದ್ದಳು. ಏನು ಬರೆಯಬೇಕು, ಎಲ್ಲಿ ಯಾರಿರಬೇಕು ಎಂದು ಗೆರೆ ಹಾಕಿಕೊಟ್ಟರೆ ಬೆಲ್ಲಿನಿಗೆ ಹಿಡಿಸುವುದಿಲ್ಲ, ಚಿತ್ರದಲ್ಲಿ ತನಗೆ ತೋಚಿದ ಕಡೆ ಅಲೆದಾಡುವುದೇ ಅವನ ಅಭ್ಯಾಸ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಅಕ್ಕನಿಗೆ ದಕ್ಕದ ಪುರಾಣಚಿತ್ರ ಕೊನೆಗೆ ತಮ್ಮನಿಗೆ ದಕ್ಕಿತು. ಬಲಗಡೆ ಕೆಳಗಿರುವ ಮರದ ತೊಟ್ಟಿಯ ಮೇಲೆ ಅಂಟಿಸಿದಂತೆ ಬರೆದ ಚೀಟಿಯಲ್ಲಿ ‘ವೆನಿಸ್ಸಿನ ಜೊವಾನ್ನಿ ಬೆಲ್ಲಿನಿ’ ಎಂದು ಲ್ಯಾಟಿನ್‌ನಲ್ಲಿ ಸಹಿಯೂ 1514 ಎಂಬ ವರ್ಷವೂ ಇದೆ. ಆ ವರ್ಷದ ನವೆಂಬರಿನಲ್ಲಿ ಬೆಲ್ಲಿನಿಗೆ 85 ಚಿನ್ನದ ಡ್ಯುಕಾಟ್ ನಾಣ್ಯ ಸಂದಾಯವಾಯಿತು. ಎರಡು ವರ್ಷದ ನಂತರ ಅವನು ತೀರಿಕೊಂಡ.

ಈ ಸಹಿ, ಈ ಹಣದ ಲೆಕ್ಕ ಎರಡೂ ಮುಖ್ಯ. ಕಲಾವಿದರ ಜೀವನಚರಿತ್ರೆ ಬರೆದ ವಸಾರಿ, ಬೆಲ್ಲಿನಿ ಮುದುಕನಾದ್ದರಿಂದ ಚಿತ್ರ ಮುಗಿಸಲಾಗಲಿಲ್ಲ, ಟಿಷಿಯನ್ ಬಂದು ಮುಗಿಸಿದ ಎಂದು ಹೇಳಿಬಿಟ್ಟ. ಶತಮಾನಗಳ ಕಾಲ ಜನ ಅದನ್ನೇ ನಂಬಿದರು. ಚಿತ್ರ ಮುಗಿದಿತ್ತು. ಮುಗಿದ ಚಿತ್ರವನ್ನೇ ತಿದ್ದಿದ್ದು.

ಬೆಲ್ಲಿನಿ ಮೂಲದಲ್ಲಿ ಬರೆದ ಹಿನ್ನೆಲೆ ಹೇಗಿತ್ತು ಎಂಬುದು ಎಕ್ಸ್‌ರೇಯಿಂದ ತಿಳಿಯಿತು. ಆ ಕಾಲದ ಬಿಳಿ ಬಣ್ಣ ಸೀಸದಿಂದ ಮಾಡಿದ್ದು. ಸೀಸ ಎಕ್ಸ್‌ರೇಯನ್ನು ತಡೆಯುತ್ತದೆ, ಹಾಗಾಗಿ ಮೇಲೆ ಎಷ್ಟು ಬಣ್ಣ ಬಳಿದಿದ್ದರೂ ಕೆಳಗೆ ಬಿಳಿ ಬೆರೆಸಿದ ಜಾಗಗಳು ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತವೆ. ಮರಗಳ ಕಾಂಡದ ನಡುವೆ ಇಣುಕುತ್ತಿದ್ದ ಆಕಾಶದ ತುಂಡುಗಳು ಹೀಗೆ ಕಂಡವು. ಆಗ ಆ ಗ್ಯಾಲರಿಯ ನಿರ್ದೇಶಕರಾಗಿದ್ದ ಜಾನ್ ವಾಕರ್ ಈ ಅಧ್ಯಯನವನ್ನು 1956ರಲ್ಲಿ ಪ್ರಕಟಿಸಿದರು. ಮುಂದೆ 1985ರಿಂದ 1990ರವರೆಗೆ ಚಿತ್ರ ಸಂರಕ್ಷಕ ಡೇವಿಡ್ ಬುಲ್ ಈ ಚಿತ್ರವನ್ನು ಶುಚಿಗೊಳಿಸಿ, ಕಂದಾದ ಹಳೆಯ ವಾರ್ನಿಷ್ ತೆಗೆದು, ಬಣ್ಣದ ಪದರಗಳನ್ನು ವಿಜ್ಞಾನಿ ಜಾಯ್ಸ್ ಪ್ಲೆಸ್ಟರ್ಸ್ ಜೊತೆಗೂಡಿ ಪರೀಕ್ಷಿಸಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಬಣ್ಣದ ಕಣವೊಂದನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದರ ಮೇಲೆ ಯಾವುದು ಕೂತಿದೆ, ನಡುವೆ ವಾರ್ನಿಷ್ ಇದೆಯೇ, ಕೆಳಗಿನ ಪದರ ಒಣಗಿ ಎಷ್ಟು ಕಾಲದ ಮೇಲೆ ಮೇಲಿನದು ಬಂತು ಎಂಬುದರ ಸುಳಿವು ಸಿಗುತ್ತದೆ.

ಸಿಕ್ಕಿದ ಚಿತ್ರಣ ಇದು. ಬೆಲ್ಲಿನಿಯ ಮೂಲದಲ್ಲಿ ನೀವು ಬಲಗಡೆ ನೋಡಿದ ಆ ಮರಸಾಲು ಚಿತ್ರದ ಈ ತುದಿಯಿಂದ ಆ ತುದಿಯವರೆಗೂ ಹಬ್ಬಿತ್ತು. ದೇವತೆಗಳ ಬೆನ್ನ ಹಿಂದೆ ಕಾಂಡಗಳ ಒಂದು ಪರದೆ, ಸಂದುಗಳಲ್ಲಿ ಆಕಾಶ. ನಂತರ ಡೋಸ್ಸೊ ಎಡಭಾಗದ ಮರಗಳನ್ನು ಮುಚ್ಚಿ ಬೇರೆ ನಿಸರ್ಗ ಬರೆದ, ಬಲಗಡೆ ಮೇಲಿನ ಮರಕ್ಕೆ ಢಾಳಾದ ಹಸಿರು ಎಲೆಗಳನ್ನೂ ಒಂದು ಫೆಸೆಂಟ್ ಹಕ್ಕಿಯನ್ನೂ ಸೇರಿಸಿದ. 1529ರಲ್ಲಿ ಟಿಷಿಯನ್ ಡೋಸ್ಸೊ ಬರೆದ ಎಡಭಾಗವನ್ನೂ ಮುಚ್ಚಿ, ಈಗ ಕಾಣುವ ಕಡಿದಾದ ಬೆಟ್ಟವನ್ನೂ ಮೋಡ ತುಂಬಿದ ನೀಲಿ ಆಕಾಶವನ್ನೂ ಬರೆದ. ಹಕ್ಕಿಯನ್ನು ಮಾತ್ರ ಹಾಗೇ ಬಿಟ್ಟ. ಬಲ ಅಂಚಿನ ಕಾಂಡಗಳನ್ನು ಮುಟ್ಟಲಿಲ್ಲ.

1956ರಲ್ಲಿ ವಿದ್ವಾಂಸರು ಇನ್ನೊಂದು ಮಾತು ಹೇಳಿದ್ದರು. ಅಪ್ಸರೆಯರ ಕುಪ್ಪಸದ ಕೊರಳನ್ನು ಕೆಳಗಿಳಿಸಿದವನೂ ದೇವತೆಗಳ ಗುರುತಿನ ವಸ್ತುಗಳನ್ನು ಸೇರಿಸಿದವನೂ ಟಿಷಿಯನ್ನೇ ಎಂದು. ಬೆಲ್ಲಿನಿ ಭಕ್ತಿಚಿತ್ರಗಳ ಸಂಭಾವಿತ ಮುದುಕ, ಟಿಷಿಯನ್ ರಸಿಕ ತರುಣ ಎಂಬ ಊಹೆ ಅದರ ಹಿಂದೆ ಇತ್ತು. ನಂತರದ ಪರೀಕ್ಷೆಯಲ್ಲಿ ಆ ತಿದ್ದುಪಡಿಗಳೂ ಬೆಲ್ಲಿನಿಯ ಕೈಯವೇ ಎಂದು ಗೊತ್ತಾಯಿತು. ಎಂಬತ್ತರ ಆಸುಪಾಸಿನಲ್ಲಿದ್ದ ಆ ಕಲಾವಿದ ತಾನೇ ಚಿತ್ರವನ್ನು ಮರುಯೋಚಿಸಿ, ಕಥೆಗೆ ತಕ್ಕಂತೆ ತಿದ್ದಿಕೊಂಡಿದ್ದ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ದೊರೆ ಹಿನ್ನೆಲೆ ಬದಲಿಸಿದ್ದೇಕೆ? ಕೋಣೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಉತ್ತರ ಹೊಳೆಯುತ್ತದೆ. 1518ರಿಂದ 1526ರೊಳಗೆ ಟಿಷಿಯನ್ ಆ ಕೋಣೆಗೆ ಮೂರು ಚಿತ್ರ ಬರೆದ. ಮೊದಲನೆಯದು ‘ವೀನಸ್ ಪೂಜೆ’, ಗುಂಪುಗುಂಪಾಗಿ ಆಡುವ ರೆಕ್ಕೆಯ ಮಕ್ಕಳದು. ಎರಡನೆಯದು ‘ಬ್ಯಾಕಸ್ ಮತ್ತು ಅರಿಯಾಡ್ನೆ’, ಅದರಲ್ಲಿ ಇಂಡಿಯಾದಿಂದ ಮರಳುತ್ತಿರುವ ಬ್ಯಾಕಸ್ ಚೀತಾಗಳು ಎಳೆಯುವ ರಥದಿಂದ ಧುಮುಕುತ್ತಾನೆ. ಮೂರನೆಯದು ‘ಆಂಡ್ರೊಸ್ ದ್ವೀಪದವರು’, ಮದ್ಯದ ಹೊಳೆಯ ದಡದಲ್ಲಿ ಕುಣಿದು ಕುಡಿಯುವವರ ಚಿತ್ರ. ಮೂರರಲ್ಲೂ ನಿಸರ್ಗ ತೆರೆದುಕೊಳ್ಳುತ್ತದೆ. ಒಂದು ಬದಿಯಲ್ಲಿ ಮರಗಳ ಗುಂಪು, ಇನ್ನೊಂದು ಬದಿಯಲ್ಲಿ ದೂರದ ಕಡಲೋ ಬಯಲೋ, ಮೇಲೆ ಮೋಡಗಳು ಚಲಿಸುವ ಆಕಾಶ. ಇವುಗಳ ನಡುವೆ ಬೆಲ್ಲಿನಿಯ ಮರಸಾಲು ಗೋಡೆಯಂತೆ ನಿಂತಿದ್ದಿರಬೇಕು. ಚಿತ್ರಗಳೆಲ್ಲ ಒಂದಕ್ಕೊಂದು ಹೊಂದಿಕೊಳ್ಳಲಿ ಎಂದು ಹಳೆಯದನ್ನು ಹೊಸದರ ಕಡೆಗೆ ತಂದರು. ದೊರೆಯ ಪಾಲಿಗೆ ಅದು ತಾನು ದುಡ್ಡು ಕೊಟ್ಟು ಬರೆಸಿದ ತನ್ನ ಕೋಣೆಯ ಚಿತ್ರ. ಸತ್ತ ಕಲಾವಿದನ ಕೃತಿಯನ್ನು ಮುಟ್ಟಬಾರದು ಎಂಬ ಇಂದಿನ ಭಾವನೆ ಆಗ ಬೇರೂರಿರಲಿಲ್ಲ.

ಟಿಷಿಯನ್‌ಗೂ ಇಂಥ ಕೆಲಸ ಹೊಸದಲ್ಲ. ಅವನಿಗಿಂತ ಸ್ವಲ್ಪ ದೊಡ್ಡವನಾದ ಜೊರ್ಜೊನೆ 1510ರಲ್ಲಿ ಸಾಯುವಾಗ ಬಿಟ್ಟುಹೋದ ‘ಮಲಗಿರುವ ವೀನಸ್’ ಚಿತ್ರದ ನಿಸರ್ಗವನ್ನು ಮುಗಿಸಿದವನು ಟಿಷಿಯನ್ ಎಂದು ಆ ಕಾಲದ ಕಲಾಪ್ರೇಮಿ ಮಾರ್ಕಾಂತೊನಿಯೊ ಮಿಕಿಯೆಲ್ ಬರೆದಿಟ್ಟಿದ್ದಾನೆ. ಆ ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಇದೇ ಮಿಕಿಯೆಲ್ 1530ರಲ್ಲಿ ಜೊರ್ಜೊನೆಯ ‘ಬಿರುಗಾಳಿ’ಯನ್ನು ನೋಡಿದಾಗ ಅದನ್ನು ಮೊದಲು ಒಂದು ಪುಟ್ಟ ನಿಸರ್ಗಚಿತ್ರವೆಂದೇ ಗುರುತಿಸಿ, ಅದರಲ್ಲಿರುವ ಹೆಂಗಸನ್ನೂ ಸೈನಿಕನನ್ನೂ ಆಮೇಲೆ ಹೆಸರಿಸಿದ. ನಮ್ಮ ಚಿತ್ರಕ್ಕೆ ಬೆಟ್ಟ ಬಂದದ್ದು ಅದರ ಹಿಂದಿನ ವರ್ಷ. ವೆನಿಸ್ಸಿನಲ್ಲಿ ನೋಡುವವರ ಕಣ್ಣು ಬದಲಾಗಿತ್ತು.

ಬೆಲ್ಲಿನಿ ಈ ಬದಲಾವಣೆಯ ಹೊರಗಿನವನಲ್ಲ ಎಂಬುದನ್ನು ಮರೆಯಬಾರದು. ಅದನ್ನು ತಂದವರಲ್ಲಿ ಅವನೇ ಹಿರಿಯ. ಲಂಡನ್ನಿನಲ್ಲಿರುವ ‘ತೋಟದಲ್ಲಿ ಏಸುವಿನ ಯಾತನೆ’ ಚಿತ್ರದ ಬೆಳಗಿನ ಆಕಾಶವನ್ನಾಗಲಿ, ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವ ಸಂತ ಫ್ರಾನ್ಸಿಸ್‌ನ ಚಿತ್ರವನ್ನಾಗಲಿ ನೋಡಿ. ಎರಡನೆಯದರಲ್ಲಿ ಸಂತ ಒಬ್ಬನೇ, ಸುತ್ತ ಬಂಡೆ, ಬಳ್ಳಿ, ಕತ್ತೆ, ಕುರಿಮಂದೆ, ದೂರದ ಊರು. ಬೆಳಕು ಎಲ್ಲದರ ಮೇಲೂ ಸಮಾನವಾಗಿ ಬೀಳುತ್ತದೆ, ಒಂದು ಕಲ್ಲನ್ನೂ ಅವನು ಅವಸರದಲ್ಲಿ ಬರೆದಿಲ್ಲ. ಆ ಅಭ್ಯಾಸ ‘ದೇವತೆಗಳ ಔತಣ’ದ ನೆಲದಲ್ಲೂ ಇದೆ. ನೀವು ನೋಡುವಾಗ ದೇವತೆಗಳ ಕಾಲಬಳಿಯ ಬೆಣಚುಕಲ್ಲುಗಳನ್ನು ಗಮನಿಸಿದಿರೋ ಇಲ್ಲವೋ, ಪ್ರತಿಯೊಂದಕ್ಕೂ ಅದರದೇ ನೆರಳಿದೆ. ಟಿಷಿಯನ್ ಹಾಗೆ ಎಣಿಸುತ್ತಾ ಬರೆಯುವುದಿಲ್ಲ. ಅವನ ಬೆಟ್ಟದಲ್ಲಿ ಎಲೆಗಳ ರಾಶಿ ಮೊದಲು ಒಂದು ಕತ್ತಲೆಯಾಗಿ ಬರುತ್ತದೆ, ಅದರ ಮೇಲೆ ಬೆಳಕು ತಾಕಿದ ಕಡೆ ನಾಲ್ಕು ಕುಂಚದ ಬೀಸು. ಹತ್ತಿರ ಹೋದರೆ ಬಣ್ಣ, ಹಿಂದೆ ಸರಿದರೆ ಮರ. ನಿಮಗೆ ಎರಡು ಕೈ ಎಂದು ಅನ್ನಿಸಿದ್ದು ಇದರಿಂದಲೇ.

ಹಾಗಾದರೆ ಚಿತ್ರ ಹಾಳಾಯಿತೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಥೆಗೆ ಬೆಲ್ಲಿನಿಯ ತೋಪೇ ಹೆಚ್ಚು ಸರಿಹೊಂದುತ್ತಿತ್ತು. ಓವಿಡ್‌ನ ಕಥೆಯ ಜೀವ ಇರುವುದು ಕಿರುಚುವ ಮುಂಚಿನ ಮೌನದಲ್ಲಿ. ಸುತ್ತ ಮರಗಳು ಮುಚ್ಚಿಕೊಂಡ ಜಾಗದಲ್ಲಿ ಆ ಮೌನ ಹೊರಗೆ ಸೋರುವುದಿಲ್ಲ. ಕಣ್ಣಿಗೂ ದೂರ ಓಡಲು ದಾರಿಯಿಲ್ಲ, ಅದು ಲೋಟಿಸ್‌ನಿಂದ ಕತ್ತೆಗೆ, ಕತ್ತೆಯಿಂದ ಲೋಟಿಸ್‌ಗೆ ದೇವತೆಗಳ ಸಾಲಿನ ಮೇಲೆಯೇ ಹೋಗಿಬರಬೇಕು. ಕಾಂಡಗಳ ನೇರ ಗೆರೆಗಳು ಆ ಓಡಾಟಕ್ಕೆ ತಾಳ ಹಾಕುತ್ತಿದ್ದವು. ಟಿಷಿಯನ್ ಬೆಟ್ಟ ಎಬ್ಬಿಸಿದ ಮೇಲೆ ಕಣ್ಣು ಮೇಲಕ್ಕೇರಿ ಆಕಾಶಕ್ಕೆ ಹೋಗುತ್ತದೆ, ಮುಂದೆ ನಡೆಯುತ್ತಿರುವ ಕಳ್ಳತನದ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಬೆಲ್ಲಿನಿಯ ಆಕೃತಿಗಳು ಸೌಮ್ಯ, ಅವುಗಳ ಹಿಂದಿನ ಬೆಟ್ಟ ಅಷ್ಟು ಸೌಮ್ಯವಲ್ಲ. ಆ ಎರಡರ ನಡುವಿನ ಅಸಮಾಧಾನ ಎಂದಿಗೂ ಪೂರ್ತಿ ಬಗೆಹರಿದಿಲ್ಲ.

ಆದರೂ ಟಿಷಿಯನ್ ಕಥೆಯನ್ನು ಓದದೆ ಬರೆದ ಎನ್ನಲಾರೆ. ಬೆಟ್ಟ ಎದ್ದಿರುವುದು ಎಲ್ಲಿ ಎಂದು ನೋಡಿ, ಎಡಗಡೆ, ಕತ್ತೆ ನಿಂತಿರುವ ಕಡೆ. ಮೂಲದಲ್ಲಿ ಚಿತ್ರದ ಭಾರ ಎರಡೂ ತುದಿಗೆ ಸಮನಾಗಿತ್ತು. ಈಗ ಅದು ಕಿರುಚು ಹೊರಡಲಿರುವ ತುದಿಯ ಮೇಲೆ ಕೂತಿದೆ. ಬಲಗಡೆ ಲೋಟಿಸ್‌ನ ತಲೆಯ ಮೇಲೆ ಮಾತ್ರ ಬೆಲ್ಲಿನಿಯ ಮರಗಳ ನೆರಳನ್ನು ಉಳಿಸಿಕೊಟ್ಟ. ಇಡೀ ಹಿನ್ನೆಲೆಯನ್ನು ಅಳಿಸಲು ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಬೆಲ್ಲಿನಿ ಅವನ ಗುರು, ವೆನಿಸ್ಸಿನಲ್ಲಿ ಅವನು ಕಲಿತದ್ದು ಆ ಕಾರ್ಯಾಗಾರದಲ್ಲೇ. ಗುರುವಿನ ಆಕೃತಿಗಳನ್ನೂ ಸಹಿಯನ್ನೂ ಮರಗಳ ಒಂದು ಭಾಗವನ್ನೂ ಉಳಿಸಿ, ತನ್ನ ಕಾಲದ ಬೆಟ್ಟವನ್ನು ಪಕ್ಕದಲ್ಲಿ ನಿಲ್ಲಿಸಿದ್ದರಲ್ಲಿ ನನಗೆ ಗೌರವ ಕಾಣುತ್ತದೆ, ಅಹಂಕಾರವಲ್ಲ. ಟಿಷಿಯನ್ ಹುಟ್ಟಿದ್ದು ಆಲ್ಪ್ಸ್ ತಪ್ಪಲಿನ ಕಾದೋರೆ ಸೀಮೆಯಲ್ಲಿ, ಕಡಿದಾದ ಬೆಟ್ಟ ಅವನಿಗೆ ಚಿಕ್ಕಂದಿನ ನೋಟ. ಫೆರಾರಾ ಪೋ ನದಿಯ ಮಟ್ಟಸ ಬಯಲಿನ ಊರು. ಬಯಲಿನ ದೊರೆಯ ಕೋಣೆಗೆ ಅವನು ಬೆಟ್ಟ ತಂದ.

ಇನ್ನು ಹಳೆಯ ದೇವತೆಗಳ ವಿಷಯ. ಆಗಿನ ಇಟಲಿಯಲ್ಲಿ ಜುಪಿಟರನನ್ನೋ ಬ್ಯಾಕಸ್‌ನನ್ನೋ ಯಾರೂ ಪೂಜಿಸುತ್ತಿರಲಿಲ್ಲ. ಆದರೆ ಓದು ಕಲಿತವರೆಲ್ಲ ಲ್ಯಾಟಿನ್ ಕಲಿಯುತ್ತಿದ್ದರು, ಲ್ಯಾಟಿನ್ ಕಲಿತವರೆಲ್ಲ ಓವಿಡ್‌ನನ್ನು ಓದುತ್ತಿದ್ದರು. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್ 1502–03ರಲ್ಲಿ ಓವಿಡ್‌ನ ಕೃತಿಗಳನ್ನು ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕ ಗಾತ್ರದಲ್ಲಿ ಅಚ್ಚು ಹಾಕಿದ್ದ. ಈ ದೇವತೆಗಳು ಕಾವ್ಯದ ಪಾತ್ರಗಳು, ಅವರನ್ನು ಬರೆಸುವುದು ವಿದ್ಯೆಯ, ಅಭಿರುಚಿಯ ಗುರುತು. ಅವರ ಜಾಗ ಚರ್ಚಿನ ಗೋಡೆಯಲ್ಲ, ಅರಮನೆಯ ಒಳಕೋಣೆ. ಚರ್ಚಿನ ದೊಡ್ಡವರಿಗೂ ಇವರಿಂದ ಮುಜುಗರ ಇರಲಿಲ್ಲ ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ. 1597ರಲ್ಲಿ ಎರಡನೆಯ ಆಲ್ಫೊನ್ಸೊ ನ್ಯಾಯಸಮ್ಮತ ವಾರಸುದಾರರಿಲ್ಲದೆ ತೀರಿಕೊಂಡಾಗ ಫೆರಾರಾ ಪೋಪರ ಆಳ್ವಿಕೆಗೆ ಹೋಯಿತು. 1598ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ಕಾರ್ಡಿನಲ್ ಪಿಯೆತ್ರೊ ಆಲ್ದೊಬ್ರಾಂದಿನಿ ಈ ಕೋಣೆಯ ಚಿತ್ರಗಳನ್ನು ಬಿಚ್ಚಿಸಿ ರೋಮಿಗೆ, ತನ್ನ ಸಂಗ್ರಹಕ್ಕೆ, ಸಾಗಿಸಿದ.

ಆ ದೇವತೆಗಳು ಹಳ್ಳಿಯ ಜನರಂತೆ ಕಾಣುವುದು ನಿಜ. ಬೆಲ್ಲಿನಿ ಅವರಿಗೆ ಗ್ರೀಕ್ ಶಿಲ್ಪಗಳ ಮೈಕಟ್ಟು ಕೊಡಲಿಲ್ಲ. ಓವಿಡ್‌ನ ಪುರಾಣಗಳನ್ನು ಇಟಾಲಿಯನ್ ಗದ್ಯದಲ್ಲಿ ಹೇಳಿದ ಪುಸ್ತಕವೊಂದು ವೆನಿಸ್ಸಿನಲ್ಲಿ 1497ರಲ್ಲಿ ಅಚ್ಚಾಗಿತ್ತು, ಬೆಲ್ಲಿನಿ ಅದನ್ನೂ ನೋಡಿರಬಹುದೆಂಬ ವಾದವಿದೆ. ದೇವತೆಗಳ ಮುಖಗಳಲ್ಲಿ ಆಲ್ಫೊನ್ಸೊ, ಅವನ ಹೆಂಡತಿ ಲುಕ್ರೇಸಿಯಾ ಬೋರ್ಜಾ ಮುಂತಾದವರ ಹೋಲಿಕೆ ಇದೆ, ಇದು ಅವರ ಮದುವೆಯ ಚಿತ್ರ ಎಂದು ಕಲಾ ಇತಿಹಾಸಕಾರ ಎಡ್ಗರ್ ವಿಂಡ್ 1948ರಲ್ಲಿ ವಾದಿಸಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮದುವೆಯಾದದ್ದು 1502ರಲ್ಲಿ, ಚಿತ್ರ ಬಂದದ್ದು ಹನ್ನೆರಡು ವರ್ಷದ ಮೇಲೆ. ಮಲಗಿದವಳ ಮೇಲೆ ಕೈಹಾಕಿ ಅವಮಾನಿತನಾಗುವ ಕಥೆಯನ್ನು ಮದುವೆಯ ನೆನಪಿಗೆ ಆರಿಸಿಕೊಳ್ಳುವುದೂ ವಿಚಿತ್ರ. ದೇವತೆಗಳನ್ನು ನೆಲಕ್ಕಿಳಿಸಿದ್ದು ಬೆಲ್ಲಿನಿಯ ಸ್ವಭಾವ ಎಂದೇ ನಾನು ತಿಳಿಯುತ್ತೇನೆ. ಮೇರಿಯನ್ನೂ ಸಂತರನ್ನೂ ವೆನಿಸ್ಸಿನ ಸುತ್ತಲ ಹೊಲಗದ್ದೆಗಳ ನಡುವೆ ಕೂರಿಸಿ ಬರೆಯುತ್ತಾ ಬಂದವನು ಜುಪಿಟರನನ್ನೂ ಹಾಗೆಯೇ ಕೂರಿಸಿದ.

ಒಂದು ವಿಷಯದಲ್ಲಿ ಮಾತ್ರ ಅವರು ಹಳ್ಳಿಯವರಲ್ಲ. ಅಪ್ಸರೆಯೂ ಸ್ಯಾಟಿರ್‌ಗಳೂ ಹೊತ್ತಿರುವ ಬೋಗುಣಿಗಳು ನೀಲಿ-ಬಿಳಿಯ ಚೀನಾ ಪಿಂಗಾಣಿ, ಮಿಂಗ್ ಅರಸರ ಕಾಲದವು. ಐರೋಪ್ಯ ಚಿತ್ರಗಳಲ್ಲಿ ಮಿಂಗ್ ಪಿಂಗಾಣಿ ಕಾಣಿಸಿಕೊಂಡ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಯುರೋಪಿನಲ್ಲಿ ಆಗ ಅದನ್ನು ಮಾಡಲು ಬರುತ್ತಿರಲಿಲ್ಲ. ಈಜಿಪ್ಟಿನ ಮಾಮ್ಲೂಕ್ ಸುಲ್ತಾನರು 15ನೇ ಶತಮಾನದಲ್ಲಿ ವೆನಿಸ್ಸಿನ ಆಡಳಿತಗಾರರಿಗೆ ಉಡುಗೊರೆಯಾಗಿ ಇಂಥ ಪಾತ್ರೆಗಳನ್ನು ಕಳಿಸಿದ್ದುಂಟು. ಮಾಮೂಲಿ ಮಡಕೆ, ಮರದ ತೊಟ್ಟಿ, ಗಾಜಿನ ಲೋಟದ ಪಕ್ಕದಲ್ಲಿ ಅಷ್ಟು ದುಬಾರಿ ವಸ್ತುವನ್ನು ನೆಲದ ಮೇಲೆ ಇಟ್ಟುಬಿಟ್ಟಿದ್ದಾರೆ ಎಂದರೆ ಕೂತವರು ಯಾರೆಂದು ದೊರೆಯ ಅತಿಥಿಗಳಿಗೆ ಥಟ್ಟನೆ ತಿಳಿಯುತ್ತಿತ್ತು.

ಮತ್ತೆ ಮಗಳ ಮನೆಗೆ ಹೋದಾಗ ಗ್ಯಾಲರಿಗೆ ಇನ್ನೊಮ್ಮೆ ಹೋಗಿ ಬನ್ನಿ. ಚಿತ್ರ ಸುಮಾರು 170 ಸೆಂಟಿಮೀಟರ್ ಎತ್ತರ, 188 ಅಗಲ. ಹತ್ತಿರ ನಿಂತರೆ ಬೆಣಚುಕಲ್ಲು, ಬೋಗುಣಿ ಸಿಗುತ್ತವೆ, ಬೆಟ್ಟ ಸಿಗುವುದಿಲ್ಲ. ಮೊದಲು ಬಲ ಅಂಚಿನ ಕಾಂಡಗಳ ಎದುರು ನಿಂತು, ಆ ಸಂದುಗಳ ಅಂತರವನ್ನು ಮನಸ್ಸಿನಲ್ಲಿ ಎಡಕ್ಕೆ ಬೆಳೆಸುತ್ತಾ ಹೋಗಿ. ಬೆಲ್ಲಿನಿಯ ಮೂಲ ಚಿತ್ರದ ಅಂದಾಜು ಬರುತ್ತದೆ. ಆಮೇಲೆ ಡೋಸ್ಸೊನ ಹಕ್ಕಿಯನ್ನು ಹುಡುಕಿ. ಕೊನೆಗೆ ಕೋಣೆಯ ನಡುವಿಗೆ ಸರಿದು ಬೆಟ್ಟ ನೋಡಿ. ಈ ಚಿತ್ರ ರೋಮಿನಿಂದ 1853ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಡ್ಯೂಕ್‌ನ ಕೈಗೆ, ಅಲ್ಲಿಂದ ಅಮೆರಿಕದ ವೈಡನರ್ ಕುಟುಂಬಕ್ಕೆ, 1942ರಲ್ಲಿ ಅವರ ದಾನವಾಗಿ ವಾಷಿಂಗ್ಟನ್ನಿಗೆ ಬಂತು. ಅದರ ಜೊತೆಗಾರ ಚಿತ್ರಗಳಲ್ಲಿ ‘ಬ್ಯಾಕಸ್ ಮತ್ತು ಅರಿಯಾಡ್ನೆ’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ‘ವೀನಸ್ ಪೂಜೆ’ಯೂ ‘ಆಂಡ್ರೊಸ್ ದ್ವೀಪದವರು’ ಚಿತ್ರವೂ ಮ್ಯಾಡ್ರಿಡ್‌ನ ಪ್ರಾಡೊದಲ್ಲಿವೆ. ಮೂರೂ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಈ ಚಿತ್ರಗಳನ್ನು ಹಿಗ್ಗಿಸಿ ನೋಡಬಹುದು. ನಾಲ್ಕನ್ನೂ ಅಕ್ಕಪಕ್ಕ ತೆರೆದಿಟ್ಟು, ಆಕೃತಿಗಳನ್ನು ಬಿಟ್ಟು, ಆಕಾಶಗಳನ್ನಷ್ಟೇ ಹೋಲಿಸಿ ನೋಡಿ. ಆಲ್ಫೊನ್ಸೊ ಹಿನ್ನೆಲೆಯನ್ನು ಏಕೆ ಬದಲಿಸಿದ ಎಂಬುದು ನನ್ನ ವಿವರಣೆಗಿಂತ ಚೆನ್ನಾಗಿ ಅಲ್ಲಿ ಕಾಣುತ್ತದೆ.